ಕೂಲರ್ ನಿಂತ ಮೇಲಿನ ಅರ್ಧ ಗಂಟೆ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಬರಹರೂಪ)



ರೇಡಿಯೋದವರು ಯಾವುದಕ್ಕೆ ಹೆದರುತ್ತಾರೆ ಎಂದು ಯಾರಾದರೂ ಕೇಳಿದರೆ ನಾನು ಒಂದೇ ಮಾತಿನಲ್ಲಿ ಹೇಳಬಲ್ಲೆ: ಮೌನಕ್ಕೆ. ಹಾಡು ಮುಗಿದು ಮಾತು ಶುರುವಾಗುವ ನಡುವೆ ಹತ್ತು ಸೆಕೆಂಡು ಏನೂ ಕೇಳಿಸದಿದ್ದರೆ ಸಾಕು, ನಿಮ್ಮಲ್ಲಿ ಒಬ್ಬರು ರೇಡಿಯೋ ತಟ್ಟಿ ನೋಡುತ್ತೀರಿ, ಇನ್ನೊಬ್ಬರು ಬೇರೆ ಸ್ಟೇಷನ್ನಿಗೆ ಹೋಗಿಬಿಡುತ್ತೀರಿ. ಇತ್ತ ನಾನು ಮೇಲಿನವರಿಗೆ ಉತ್ತರ ಹೇಳಬೇಕಾಗುತ್ತದೆ. ಹೀಗಾಗಿ ಹತ್ತು ವರ್ಷಗಳಿಂದ ನನ್ನ ಹೊಟ್ಟೆಪಾಡು ಎಂದರೆ ಮೌನ ಬಾರದಂತೆ ನೋಡಿಕೊಳ್ಳುವುದು!

ಇಂಥವಳಿಗೆ ಕಳೆದ ದೀಪಾವಳಿಯ ಹೊತ್ತಿಗೆ ಒಬ್ಬ ಕೇಳುಗರಿಂದ ಪತ್ರ ಬಂತು. “ನೀವು ವಾರವಾರ ಕವಿತೆ ಓದುತ್ತೀರಿ, ಚೆನ್ನಾಗಿದೆ. ನಾನೂ ಮೊದಲು ಓದುತ್ತಿದ್ದೆ, ಬರೆಯುತ್ತಲೂ ಇದ್ದೆ. ಈಗ ಬೆಳಿಗ್ಗೆ ಲೋಕಲ್ ಹಿಡಿಯುವುದು, ರಾತ್ರಿ ಬಂದು ಮಲಗುವುದು. ನಿಮಗೆ ಹೇಗೆ ಸಮಯ ಸಿಗುತ್ತದೆ, ತಿಳಿಸಿ” ಎಂದು ಬರೆದಿದ್ದರು. ಉತ್ತರ ಬರೆಯಲು ಕುಳಿತೆ. ಆಗಲಿಲ್ಲ. ನಿಜ ಹೇಳಬೇಕೆಂದರೆ ನಾನು ಕವಿತೆ ಓದುತ್ತಿದ್ದುದು ಮೈಕಿನ ಮುಂದೆ ಮಾತ್ರ. ಧಾರವಾಡದಲ್ಲಿ ಕನ್ನಡ ಬಿ.ಎ. ಓದುವಾಗ ಎರಡು ನೋಟುಪುಸ್ತಕ ತುಂಬಿಸಿದವಳು, ಈ ಕೆಲಸಕ್ಕೆ ಸೇರಿದ ಮೇಲೆ ಒಂದು ಸಾಲೂ ಬರೆದಿರಲಿಲ್ಲ. ಕೇಳಿದವರಿಗೆಲ್ಲ “ಟೈಮ್ ಎಲ್ಲಿದೆ?” ಎನ್ನುತ್ತಿದ್ದೆ. ಆ ಪತ್ರದ ಉತ್ತರವೇ ಇವತ್ತಿನ ಈ ಭಾಷಣ. ತಡವಾಯಿತು, ಕ್ಷಮಿಸಬೇಕು.

ಡಿಸೆಂಬರಿನಲ್ಲಿ ಹತ್ತು ದಿನ ರಜೆ ಹಾಕಿ ನಾಗಪುರಕ್ಕೆ ಹೋದೆ. ಅಲ್ಲಿ ಮನೀಶ್ ನಗರದಲ್ಲಿ ನನ್ನ ಅಕ್ಕನ ಮನೆಯಿದೆ. ಸಂಜೆ ವಿದರ್ಭ ಎಕ್ಸ್‌ಪ್ರೆಸ್ ಹತ್ತಿದರೆ ಮರುದಿನ ಬೆಳಿಗ್ಗೆ ನಾಗಪುರ. ಚೀಲದಲ್ಲಿ ಬೇಂದ್ರೆಯವರದೊಂದು, ಕೆ.ಎಸ್. ನರಸಿಂಹಸ್ವಾಮಿಯವರದೊಂದು ಪುಸ್ತಕ, ಜೊತೆಗೆ ಇನ್ನೂರು ಪುಟದ ಖಾಲಿ ನೋಟುಪುಸ್ತಕ ಇಟ್ಟುಕೊಂಡಿದ್ದೆ. ಮುಂಬಯಿಯ ಗದ್ದಲ ಬಿಟ್ಟು ಹೋದರೆ ಕವಿತೆ ತಾನಾಗಿ ಬರುತ್ತದೆ ಎಂದು ನನ್ನ ಲೆಕ್ಕ.

ಲೆಕ್ಕ ತಪ್ಪಿತು. ಮನೀಶ್ ನಗರ ನಾಗಪುರದ ದಕ್ಷಿಣಕ್ಕಿದೆ. ಅದಕ್ಕೂ ವಾರ್ಧಾ ರಸ್ತೆಗೂ ನಡುವೆ ನಾಗಪುರ–ವಾರ್ಧಾ ರೈಲು ಹಳಿ. ಉತ್ತರದಿಂದ ದಕ್ಷಿಣಕ್ಕೆ ಹೋಗುವ ಗಾಡಿ, ಕಲ್ಲಿದ್ದಲಿನ ಗೂಡ್ಸು, ಎಲ್ಲವೂ ಅಲ್ಲೇ ಹಾಯಬೇಕು. ಮೊದಲು ಅಲ್ಲಿನ ರೈಲ್ವೆ ಗೇಟು ಬಿದ್ದರೆ ಎರಡೂ ಕಡೆ ಸಾಲುಗಟ್ಟಿ ಹಾರ್ನು ಹೊಡೆಯುತ್ತಿದ್ದರಂತೆ. 2020ರ ನವೆಂಬರಿನಲ್ಲಿ ವಾರ್ಧಾ ರಸ್ತೆಯ ಎರಡಂತಸ್ತಿನ ಮೇಲ್ಸೇತುವೆಯ ಜೊತೆಗೆ ಮನೀಶ್ ನಗರದ ಸೇತುವೆಯೂ ತೆರೆದ ಮೇಲೆ ಆ ಕಾಟ ಕಡಿಮೆಯಾಗಿದೆ. ಆದರೆ ರೈಲಿನ ಸಿಳ್ಳೆ ಎಲ್ಲಿಗೆ ಹೋದೀತು? ಸೋನೆಗಾಂವದ ವಿಮಾನ ನಿಲ್ದಾಣವೂ ದೂರವಿಲ್ಲ. ಮದುವೆಯ ಕಾಲವಾದ್ದರಿಂದ ಸಂಜೆ ಬ್ಯಾಂಡು, ಬೆಳಿಗ್ಗೆ ಕಿತ್ತಳೆ ಗಾಡಿಯವನ ಕೂಗು. ಸಾಲದ್ದಕ್ಕೆ ಡಿಸೆಂಬರ್ ಎಂದರೆ ನಾಗಪುರದಲ್ಲಿ ಮಹಾರಾಷ್ಟ್ರ ವಿಧಾನಮಂಡಲದ ಚಳಿಗಾಲದ ಅಧಿವೇಶನ. 1953ರ ನಾಗಪುರ ಒಪ್ಪಂದದ ಫಲ ಅದು. ಮೋರ್ಚಾ, ಮಂತ್ರಿಗಳ ಗಾಡಿ, ಪೊಲೀಸು... ಊರಿಗೆ ಊರೇ ಗಿಜಿಗಿಜಿ.

ಮನೆಯೊಳಗೂ ಅಷ್ಟೇ. ತಂಗಿ ಬಂದಿದ್ದಾಳೆಂದು ಅಕ್ಕನ ಗೆಳತಿಯರು ಬಂದರು, ತರ್ರಿ ಪೋಹೆ ತಿನ್ನಿಸಲು ಭಾವನವರು ಕರೆದೊಯ್ದರು. ಮೂರು ದಿನ ನೋಟುಪುಸ್ತಕದ ರಟ್ಟನ್ನೂ ತೆರೆಯಲಿಲ್ಲ. ಬೇಕಿದ್ದರೆ ನಾಗಪುರದಲ್ಲೂ “ಟೈಮ್ ಎಲ್ಲಿದೆ?” ಎನ್ನಬಹುದಿತ್ತು.

ನಾಲ್ಕನೆಯ ದಿನ ಚಳಿಗೆ ಎಚ್ಚರವಾಯಿತು. ಐದು ಗಂಟೆ ಇರಬೇಕು. ಕೌದಿ ಹೊದ್ದು ಕುಳಿತೆ. ಎಲ್ಲೋ ಏನೋ ಬದಲಾಗಿದೆ ಅನಿಸಿತು, ಏನೆಂದು ತಿಳಿಯಲಿಲ್ಲ. ಆಮೇಲೆ ಹೊಳೆಯಿತು: ಏನೂ ಕೇಳಿಸುತ್ತಿಲ್ಲ! ನಾನು ಹಿಂದೆಲ್ಲ ಅಕ್ಕನ ಮನೆಗೆ ಹೋಗಿದ್ದು ಮೇ ತಿಂಗಳಲ್ಲಿ. ನಾಗಪುರದ ಮೇ ಎಂದರೆ ನಲವತ್ತೈದು ಡಿಗ್ರಿ. ಮನೆಮನೆಯ ಕಿಟಕಿಗೂ ಕಬ್ಬಿಣದ ದೊಡ್ಡ ಕೂಲರ್. ಹಗಲೂ ರಾತ್ರಿ ಅದರ ಗುಂಯ್ ಸದ್ದು. ನೀರು ಎತ್ತುವ ಪಂಪಿನ ಸದ್ದು ಬೇರೆ. ಅಡುಗೆಮನೆಯಿಂದ ಕರೆದರೆ ಹಜಾರಕ್ಕೆ ಕೇಳಿಸದು. ಎಲ್ಲರೂ ಒಂದು ಸ್ವರ ಮೇಲೇರಿಸಿಯೇ ಮಾತಾಡುತ್ತಾರೆ. ಮಾರ್ಚಿನಿಂದ ಮಳೆ ಹಿಡಿಯುವ ತನಕ ಅದು ನಿಲ್ಲುವುದಿಲ್ಲ. ಮಳೆಗಾಲದ ಸೆಕೆಗೆ ಫ್ಯಾನು ತಿರುಗಲೇಬೇಕು. ನವೆಂಬರಿನಲ್ಲಿ ಕೂಲರಿಗೆ ಹಳೆಯ ಸೀರೆ ಸುತ್ತಿ ಕಟ್ಟಿದ ಮೇಲೆ, ಫ್ಯಾನೂ ಆರಿಸಿದ ಮೇಲೆ, ಆ ಊರಿಗೆ ನಿಜವಾದ ನಿಶ್ಶಬ್ದ ಬರುತ್ತದೆ. ಅದೂ ನಸುಕಿನಲ್ಲಿ, ಹಾಲಿನವನ ಗಾಡಿ ಬರುವ ತನಕ.

ನಾಗಪುರದ ಚಳಿಯನ್ನು ಹಗುರವಾಗಿ ಎಣಿಸಬೇಡಿ. 2018ರ ಡಿಸೆಂಬರ್ 29ರಂದು ಅಲ್ಲಿ 3.5 ಡಿಗ್ರಿಗೆ ಇಳಿದಿತ್ತು. ಕುವೆಂಪು ಅವರ ಹುಟ್ಟುಹಬ್ಬದ ದಿನ! ಬೇಸಿಗೆಯಲ್ಲಿ ಬೇಯುವ ಊರೇ ಚಳಿಗಾಲದಲ್ಲಿ ನಡುಗುತ್ತದೆ. ಸೂರ್ಯ ಹುಟ್ಟುವುದು ಏಳು ಗಂಟೆ ಸಮೀಪಿಸಿದಾಗ. ಅಂದರೆ ಐದಕ್ಕೆ ಎದ್ದವರಿಗೆ ಕತ್ತಲೆ, ಚಳಿ, ಮೌನ ಮೂರೂ ಉಚಿತ.

ಸರಿ, ಮೌನ ಸಿಕ್ಕಿತು. ನೋಟುಪುಸ್ತಕ ತೆರೆದೆ. ತಾರೀಖು ಬರೆದೆ. ಮುಂದೆ ಏನೂ ಬರಲಿಲ್ಲ.

ಇದನ್ನು ನಾಚಿಕೆಯಿಂದಲೇ ಹೇಳುತ್ತಿದ್ದೇನೆ. ದಿನಕ್ಕೆ ಸಾವಿರಾರು ಕನ್ನಡ ಪದ ಆಡುವವಳು ನಾನು. ಆದರೆ ಅವೆಲ್ಲ “ಈಗ ಸಮಯ”, “ಮುಂದಿನ ಗೀತೆ”, “ಪ್ರಾಯೋಜಿಸಿದವರು” ಎಂಬ ಪದಗಳು. ದಿನವೂ ಓಡಾಡಿ ಸವೆದ ಮೆಟ್ಟಿಲಿನಂತೆ ನುಣುಪಾಗಿವೆ. ಕೂತು ಒಂದು ಸಾಲು ಬರೆಯಲು ಹೋದರೆ ಅದೂ ಅನೌನ್ಸ್‌ಮೆಂಟಿನಂತೆಯೇ ಬಂತು. ಹೊಡೆದು ಹಾಕಿದೆ. ಬರೆಯುವುದು ಬಿಟ್ಟು ಬೇಂದ್ರೆಯವರ ಪುಸ್ತಕ ತೆಗೆದು ಒಂದು ಕವಿತೆಯನ್ನು ಕಣ್ಣಲ್ಲಿ ಓದಿದೆ. ಆಮೇಲೆ ತುಟಿ ಅಲ್ಲಾಡಿಸಿ ಸಣ್ಣ ದನಿಯಲ್ಲಿ ಓದಿದೆ. ಆಮೇಲೆ ಅದನ್ನೇ ಕೈಬರಹದಲ್ಲಿ ನಕಲು ಮಾಡಿದೆ. ಬರೆಯುವಾಗ ಒಂದು ಪದದ ಹತ್ತಿರ ಕೈ ನಿಂತಿತು. ನಮ್ಮಜ್ಜಿ ಆಡುತ್ತಿದ್ದ ಪದ ಅದು. ಹತ್ತು ವರ್ಷಗಳಿಂದ ನಾನು ಆಡಿರಲಿಲ್ಲ, ಕೇಳಿರಲಿಲ್ಲ. ಅಂದಿನ ಮಟ್ಟಿಗೆ ಅಷ್ಟೇ ಸಾಕೆನಿಸಿತು.

ಮರುದಿನವೂ ಹಾಗೆಯೇ ಓದುತ್ತಿದ್ದೆ. ಬಾಗಿಲ ಸಂದಿಯಲ್ಲಿ ಅಕ್ಕನ ಮಗಳು ನಿಂತಿದ್ದಳು. ಕಾಲೇಜು ಓದುವ ಹುಡುಗಿ.

“ಮೌಶಿ, ಯಾರ ಜೊತಿ ಮಾತಾಡ್ಲಿಕ್ಹತ್ತೀ?”

“ಯಾರ ಜೊತಿನೂ ಇಲ್ಲ. ಬೇಂದ್ರೆ ಅಜ್ಜನ ಕವಿತಾ ಓದ್ಲಿಕ್ಹತ್ತೀನಿ.”

“ಇನ್ನೊಮ್ಮೆ ಓದು. ಛಲೋ ಕೇಳಸ್ತದ.”

ಓದಿದೆ. ಅವಳಿಗೆ ಮುಕ್ಕಾಲು ಪಾಲು ಅರ್ಥವಾಯಿತು. ಪುಸ್ತಕ ಕೈಗೆ ಕೊಟ್ಟರೆ ಮಾತ್ರ ಹಿಂದಕ್ಕೆ ಕೊಟ್ಟಳು. ಅಕ್ಷರ ಬರುವುದಿಲ್ಲ. ನಾಗಪುರದಲ್ಲಿ ಹುಟ್ಟಿ ಬೆಳೆದವಳು, ಶಾಲೆಯಲ್ಲಿ ಕಲಿತದ್ದು ಮರಾಠಿ, ಹಿಂದಿ, ಇಂಗ್ಲಿಷು. ಮನೆಯ ಕನ್ನಡದಲ್ಲೂ ಅರ್ಧ ಮರಾಠಿ. ನಮ್ಮಕ್ಕನಿಗೆ ಇದೊಂದು ಕೊರಗು. “ನನ್ನ ಮಗಳಿಗೆ ನಾನೇ ಕನ್ನಡ ಕೊಡಲಿಲ್ಲ” ಎಂದು ಫೋನಿನಲ್ಲಿ ಎಷ್ಟೋ ಸಲ ಹೇಳಿದ್ದಾಳೆ. ನಿಮ್ಮಲ್ಲೂ ಎಷ್ಟೋ ತಾಯಂದಿರು ಇದನ್ನೇ ನಮಗೆ ಬರೆದಿದ್ದೀರಿ.

ಆ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನೂ ಮೊಬೈಲಿನಲ್ಲಿ ಮರಾಠಿ ಕವಿತೆ ಬರೆಯುತ್ತೇನೆ ಎಂದಳು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಕೇಳಿದಳು: “ಮೌಶಿ, ನನಗ ಕನ್ನಡದಾಗ ಬರೀಲಿಕ್ಕೆ ಬಂದೀತೇನು? ನನ್ನ ಭಾಷಾ ಯಾವುದಂತ ನನಗs ಗೊತ್ತಾಗವಲ್ದು.”

ಇದಕ್ಕೆ ಏನು ಹೇಳುವುದು? ಅಲ್ಲೇ ನಾಗಪುರದ ಒಂದು ಸಂಗತಿ ನೆನಪಾಯಿತು. ಅದನ್ನೇ ಹೇಳಿದೆ. ನಿಮಗೂ ಹೇಳುತ್ತೇನೆ.

ನಾಗಪುರದಲ್ಲಿ ಆಕಾಶವಾಣಿ ಕೇಂದ್ರ ಶುರುವಾದದ್ದು 1948ರಲ್ಲಿ. ಐವತ್ತರ ದಶಕದ ನಡುವೆ ಅಲ್ಲಿನ ಸುದ್ದಿ ವಿಭಾಗದಲ್ಲಿ ಗಜಾನನ ಮಾಧವ ಮುಕ್ತಿಬೋಧ ಎಂಬ ಒಬ್ಬರು ಕೆಲಸ ಮಾಡುತ್ತಿದ್ದರು. ಹುಟ್ಟಿದ್ದು 1917ರಲ್ಲಿ, ಮರಾಠಿ ಮನೆಮಾತಿನ ಕುಟುಂಬದಲ್ಲಿ. ಆದರೆ ಬರೆದದ್ದು ಹಿಂದಿಯಲ್ಲಿ. ಅವರ ತಮ್ಮ ಶರಚ್ಚಂದ್ರ ಮುಕ್ತಿಬೋಧರು ಅದೇ ಮನೆಯವರು, ಅದೇ ನಾಗಪುರದಲ್ಲಿದ್ದವರು. ಅವರು ಮರಾಠಿಯಲ್ಲೇ ಬರೆದು 1979ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಒಂದೇ ತಾಯಿಯ ಮಕ್ಕಳು, ಎರಡು ಭಾಷೆಯ ಕವಿಗಳು! ಅಣ್ಣ ಮುಕ್ತಿಬೋಧರಿಗೆ ಬಡತನ, ದೊಡ್ಡ ಸಂಸಾರ, ಮೇಲಿಂದ ಮೇಲೆ ಬದಲಾದ ನೌಕರಿ. ನಾಗಪುರದಲ್ಲಿ ಹತ್ತು ವರ್ಷ ಹೀಗೆ ಕಳೆದು 1958ರಲ್ಲಿ ರಾಜನಾಂದಗಾಂವದ ಕಾಲೇಜಿಗೆ ಹೋದರು. ಅವರದೇ ಆದ ಮೊದಲ ಕವನ ಸಂಕಲನ ‘ಚಾಂದ್ ಕಾ ಮುಂಹ್ ಟೇಢಾ ಹೈ’ ಅಚ್ಚಾದದ್ದು 1964ರಲ್ಲಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ಇಂದು ಹಿಂದಿ ಕಾವ್ಯದ ಮಾತು ಬಂದರೆ ಮುಕ್ತಿಬೋಧರ ಹೆಸರಿಲ್ಲದೆ ಮುಂದೆ ಹೋಗುವಂತಿಲ್ಲ.

ಈಗ ನಮ್ಮ ಬೇಂದ್ರೆಯವರ ಕಡೆ ಬನ್ನಿ. ಅವರ ಮನೆಮಾತೂ ಮರಾಠಿಯೇ. ಸೊಲ್ಲಾಪುರದ ಕಾಲೇಜಿನಲ್ಲಿ ಹನ್ನೆರಡು ವರ್ಷ ಪಾಠ ಹೇಳಿ 1956ರಲ್ಲಿ ಧಾರವಾಡಕ್ಕೆ ಮರಳಿ ಅಲ್ಲಿನ ಆಕಾಶವಾಣಿಗೆ ಸಲಹೆಗಾರರಾದರು. ಅತ್ತ ನಾಗಪುರದ ಆಕಾಶವಾಣಿಯನ್ನು ಮುಕ್ತಿಬೋಧರು ಬಿಟ್ಟದ್ದೂ ಅದೇ 1956ರಲ್ಲಿ. ಇಬ್ಬರೂ ರೇಡಿಯೋ ಮಂದಿ. ಇಬ್ಬರ ಮನೆಯಲ್ಲೂ ಮರಾಠಿ. ಒಬ್ಬರು ಹಿಂದಿಯ ಕವಿ, ಇನ್ನೊಬ್ಬರು ಕನ್ನಡದ ವರಕವಿ.

“ಅಂದ್ರ, ಮನ್ಯಾಗ ಆಡೋ ಭಾಷಾದಾಗೇ ಬರೀಬೇಕಂತೇನಿಲ್ಲ?” ಎಂದಳು ಹುಡುಗಿ.

ನನಗೆ ತಿಳಿದಷ್ಟು ಹೇಳಿದೆ. ಮನೆಮಾತು ಕೇಳಿ ಕೇಳಿ ತಾನಾಗಿ ಬರುತ್ತದೆ. ಕವಿತೆಯ ಭಾಷೆ ಹಾಗೆ ಬರುವುದಿಲ್ಲ. ಅದಕ್ಕೆ ನಾವು ನಮ್ಮ ಒಳ್ಳೆಯ ಹೊತ್ತನ್ನು ಕೊಡಬೇಕು. ಯಾವ ಭಾಷೆಯ ಜೊತೆ ಒಬ್ಬಂಟಿಯಾಗಿ ಕೂರುತ್ತೇವೋ ಆ ಭಾಷೆ ಒಳಗೆ ಇಳಿಯುತ್ತದೆ. ನಿನಗೆ ಮರಾಠಿಯಲ್ಲಿ ಕವಿತೆ ಬರುತ್ತಿದ್ದರೆ ಅದು ಸಂತೋಷವೇ, ಬಿಡಬೇಡ. ಕನ್ನಡವೂ ಬೇಕೆನಿಸಿದರೆ ಅದಕ್ಕೂ ಅರ್ಧ ಗಂಟೆ ಕೊಟ್ಟು ನೋಡು ಎಂದೆ. ಹೇಳುತ್ತಿದ್ದಂತೆ ಈ ಮಾತು ಅವಳಿಗಿಂತ ನನಗೇ ಹೆಚ್ಚು ತಾಕಿತು. ಮನೆಮಾತು ಕನ್ನಡವಾಗಿದ್ದೂ, ಕನ್ನಡವೇ ಉದ್ಯೋಗವಾಗಿದ್ದೂ, ಅದರ ಜೊತೆ ಒಬ್ಬಂಟಿಯಾಗಿ ಕೂತು ನನಗೆ ಹತ್ತು ವರ್ಷವಾಗಿತ್ತು!

ಅಂದಿನಿಂದ ಇಬ್ಬರೂ ಐದಕ್ಕೆ ಏಳತೊಡಗಿದೆವು. ನನ್ನ ನೋಟುಪುಸ್ತಕದ ಹಿಂದಿನ ಪುಟಗಳಲ್ಲಿ ಅವಳಿಗೆ ಅ ಆ ಇ ಈ. ದೇವನಾಗರಿ ಬಲ್ಲವರಿಗೆ ಕನ್ನಡದ ಅಕ್ಷರ ಕಷ್ಟವಲ್ಲ, ವರ್ಣಮಾಲೆಯ ಕ್ರಮ ಒಂದೇ. ಅವಳಿಗೆ ತಡೆದದ್ದು ಎ–ಏ, ಒ–ಓ ಮಾತ್ರ, ಮರಾಠಿಯಲ್ಲಿ ಆ ಭೇದ ಬರೆಯುವುದಿಲ್ಲವಲ್ಲ.

ಇಷ್ಟರಲ್ಲಿ ಇನ್ನೊಂದು ಗಮನಿಸಿದೆ. ಐದೂವರೆಗೆ ನಮ್ಮಿಬ್ಬರ ಮುಂದೆ ಬಿಸಿ ಚಹಾ ಬಂದು ಕೂರುತ್ತಿತ್ತು. ತರುತ್ತಿದ್ದವಳು ಅಕ್ಕ. ನಮಗೆ ತೊಂದರೆಯಾಗದಿರಲಿ ಎಂದು ಪಾತ್ರೆಯ ಸದ್ದೂ ಮಾಡುತ್ತಿರಲಿಲ್ಲ. ನಮ್ಮ ಮೌನವನ್ನು ಕಾಯುತ್ತಿದ್ದವಳು ಅವಳು. ಆರನೆಯ ದಿನ ಕೈ ಹಿಡಿದು ಕೂರಿಸಿದೆ. “ನೀನೂ ಓದು.” “ಹುಚ್ಚೀ, ನನಗೆಲ್ಲಿ ಬರತದ ಈಗ? ಕಣ್ಣಡಕ ಬೇರೆ ಒಳಗದ” ಎಂದಳು. ಕನ್ನಡಕ ತಂದುಕೊಟ್ಟೆವು. ‘ಮೈಸೂರ ಮಲ್ಲಿಗೆ’ಯ ಒಂದು ಕವಿತೆಯನ್ನು ಅವಳು ತಡೆತಡೆದು ಓದಿದಳು, ಅರ್ಧದ ನಂತರ ಪುಸ್ತಕ ನೋಡದೆಯೇ ಹೇಳತೊಡಗಿದಳು. ಮದುವೆಗೆ ಮುಂಚೆ ಬಾಯಿಪಾಠ ಮಾಡಿದ್ದಳಂತೆ. ಇಪ್ಪತ್ತನಾಲ್ಕು ವರ್ಷ ಆ ಸಾಲುಗಳು ಅವಳೊಳಗೆ ಸುಮ್ಮನೆ ಕೂತಿದ್ದವು. ಮಗಳು ತಾಯಿಯ ಮುಖವನ್ನೇ ನೋಡುತ್ತಿದ್ದಳು. ಮರುದಿನದಿಂದ ಚಹಾ ಮಾಡುವ ಕೆಲಸ ಭಾವನವರಿಗೆ ವರ್ಗವಾಯಿತು. ಸಕ್ಕರೆ ತುಸು ಹೆಚ್ಚಾಗುತ್ತಿತ್ತು, ಯಾರೂ ದೂರಲಿಲ್ಲ!

ಇದನ್ನೇಕೆ ಹೇಳಿದೆ ಎಂದರೆ, ನಮ್ಮ ಮನೆಗಳಲ್ಲಿ ಒಬ್ಬರಿಗೆ ಸಿಗುವ ಬಿಡುವಿನ ಹಿಂದೆ ಇನ್ನೊಬ್ಬರ ಕೆಲಸ ಇರುತ್ತದೆ. ಗಂಡಸರು ಬರೆಯಲು ಕೂತಾಗ ಮಕ್ಕಳನ್ನು ಸುಮ್ಮನಿರಿಸಿದವರು ಯಾರು ಎಂದು ಕೇಳಿಕೊಳ್ಳಬೇಕು. ಸಮಯ ಹುಡುಕುವುದೆಂದರೆ ಕೆಲಸ ಹಂಚಿಕೊಳ್ಳುವುದೂ ಹೌದು.

ಅನುಕೂಲ ಕೂಡಿಬಂದ ಮೇಲೆ ಬರೆಯುತ್ತೇನೆ ಎಂದು ಕಾಯ್ದವರು ಕಡಿಮೆ. ಈಗ ಹೇಳಿದೆನಲ್ಲ ‘ಮೈಸೂರ ಮಲ್ಲಿಗೆ’, 1942ರಲ್ಲಿ ಅದು ಬಂದಾಗ ಕೆ.ಎಸ್. ನರಸಿಂಹಸ್ವಾಮಿಯವರು ಸರ್ಕಾರಿ ಕಚೇರಿಯ ನೌಕರರು. ಪು.ತಿ. ನರಸಿಂಹಾಚಾರ್ಯರು ಸೈನ್ಯ ಇಲಾಖೆಯ ಕಚೇರಿಯಲ್ಲಿ ಕಡತ ನೋಡುತ್ತಿದ್ದವರು. ಗಂಗಾಧರ ಚಿತ್ತಾಲರು ಕೇಂದ್ರ ಸರ್ಕಾರದ ಲೆಕ್ಕಪತ್ರ ಇಲಾಖೆಯ ಅಧಿಕಾರಿ, ನಮ್ಮ ಹಾಗೆ ಕನ್ನಡ ನಾಡಿನ ಹೊರಗೆ ಇದ್ದವರು. ಇನ್ನು ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರು ಕೇರಿ’ ಓದಿದವರಿಗೆ ಬೆಂಗಳೂರಿನ ಶ್ರೀರಾಮಪುರದ ಸ್ಮಶಾನ ನೆನಪಿರುತ್ತದೆ. ಓದಲು ಮನೆಯಲ್ಲಿ ಜಾಗವಿಲ್ಲದ ಹುಡುಗನಿಗೆ ಸಮಾಧಿಗಳ ನಡುವೆ ನಿಶ್ಶಬ್ದ ಸಿಕ್ಕಿತ್ತು. ಅಲ್ಲಿ ಕೂತು ಓದಿದ ಹುಡುಗ 1975ರಲ್ಲಿ ‘ಹೊಲೆಮಾದಿಗರ ಹಾಡು’ ತಂದ. ಅವರನ್ನು ನೆನೆದರೆ “ಟೈಮ್ ಎಲ್ಲಿದೆ” ಎನ್ನಲು ನಾಲಿಗೆ ಏಳುವುದಿಲ್ಲ.

ರಜೆ ಮುಗಿಯಿತು. ಹೊರಡುವ ದಿನದ ನಸುಕಿನಲ್ಲಿ ನನಗೆ ಎಂಟು ಸಾಲು ಬಂದವು. ದೊಡ್ಡ ಕವಿತೆಯೇನಲ್ಲ. ಸೀರೆ ಸುತ್ತಿಕೊಂಡು ಕಿಟಕಿಯಲ್ಲಿ ನಿಂತ ಕೂಲರಿನ ಮೇಲೆ ಬರೆದದ್ದು. ಎರಡು ಸಾಲು ಈಗಲೂ ಸರಿಯಾಗಿಲ್ಲ. ಅಕ್ಕನ ಮಗಳು ತನ್ನ ಹೆಸರು, ಅವ್ವನ ಹೆಸರು, ಧಾರವಾಡದ ಅಜ್ಜಿಯ ಹೆಸರು ಮೂರನ್ನೂ ಕನ್ನಡದಲ್ಲಿ ಬರೆದು ತೋರಿಸಿದಳು. ಅಜ್ಜಿಯ ಹೆಸರಿನಲ್ಲಿ ಒಂದು ದೀರ್ಘ ಬಿಟ್ಟಿತ್ತು. ಅಕ್ಕ ಅದನ್ನು ತಿದ್ದಲಿಲ್ಲ. ಆ ಹಾಳೆಯನ್ನು ಮಡಿಚಿ ದೇವರ ಕೋಣೆಯಲ್ಲಿಟ್ಟಳು.

ಮುಂಬಯಿಗೆ ಬಂದೆ. ಇಲ್ಲಿನ ಚಳಿ ಎಂದರೆ ಫ್ಯಾನನ್ನು ಒಂದು ನಂಬರು ಕಡಿಮೆ ಮಾಡುವಷ್ಟು, ನಿಮಗೆ ಗೊತ್ತೇ ಇದೆ. ಮೊದಲ ಲೋಕಲ್ ನಾಲ್ಕು ಗಂಟೆಯ ಸುಮಾರಿಗೇ ಓಡುತ್ತದೆ. ಆದರೂ ಜನವರಿಯಲ್ಲಿ ಕೆಲವು ನಸುಕು ಫ್ಯಾನು ಪೂರ್ತಿ ಆರಿಸಬಹುದು. ಆರಿಸಿ ನೋಡಿ. ಅದು ನಿಂತಾಗಲೇ ಅಷ್ಟು ದಿನ ಎಷ್ಟು ಸದ್ದು ಮಾಡುತ್ತಿತ್ತೆಂದು ತಿಳಿಯುತ್ತದೆ.

ಪತ್ರ ಬರೆದ ಕೇಳುಗರೇ, ನಿಮಗೆ ನನ್ನ ಉತ್ತರ ಇಷ್ಟು. ಅರ್ಧ ಗಂಟೆ ಆಗದಿದ್ದರೆ ಕಾಲು ಗಂಟೆ ಇರಲಿ, ಆದರೆ ದಿನವೂ ಅದೇ ಹೊತ್ತು, ಅದೇ ಜಾಗ. ಮೊಬೈಲು ಇನ್ನೊಂದು ಕೋಣೆಯಲ್ಲಿರಲಿ, ಅಲಾರಮ್ಮಿಗೆ ಹಳೆಯ ಗಡಿಯಾರ ಸಾಕು. ಒಂದೇ ಕವಿತೆಯನ್ನು ಕಣ್ಣಲ್ಲೊಮ್ಮೆ, ಬಾಯಲ್ಲೊಮ್ಮೆ, ಕೈಯಲ್ಲೊಮ್ಮೆ ಓದಿ. ಬರೆಯಲು ಬಾರದ ದಿನ ತಾರೀಖು ಹಾಕಿ ಎದ್ದುಬಿಡಿ, ಬೇಸರಿಸಬೇಡಿ. ಬರೆದದ್ದನ್ನು ಒಂದು ತಿಂಗಳು ಹರಿಯಬೇಡಿ, ಯಾರಿಗೂ ತೋರಿಸಲೂ ಬೇಡಿ. ಮನೆಯಲ್ಲಿ ಮಕ್ಕಳಿದ್ದರೆ ಬಾಯಲ್ಲಿ ಓದುವುದನ್ನು ತುಸು ದನಿ ಏರಿಸಿಯೇ ಓದಿ. ಬಾಗಿಲ ಸಂದಿಯಲ್ಲಿ ಯಾರಾದರೂ ಬಂದು ನಿಂತಾರು.

ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಓಡಿಹೋಗುತ್ತದೆ ಎನ್ನುತ್ತಾರೆ ಹಿರಿಯರು. ಅಲ್ಲಿಯ ತನಕ ಇನ್ನೂ ಕೆಲವು ನಸುಕುಗಳಿವೆ. ಬರೆದದ್ದನ್ನು ತಿಂಗಳ ನಂತರ ನಮಗೆ ಕಳಿಸಿ, ಕಾರ್ಯಕ್ರಮದಲ್ಲಿ ಓದೋಣ.

ಕೊನೆಗೊಂದು ಮಾತು. ಮುಂದಿನ ವಾರದಿಂದ ನಾನು ಕವಿತೆ ಓದಿ ಮುಗಿಸಿದ ಮೇಲೆ ಐದು ಸೆಕೆಂಡು ಸುಮ್ಮನಿರುತ್ತೇನೆ. ಕೇಳಿದ್ದು ಒಳಗೆ ಇಳಿಯಲಿ ಎಂದು. ಮೇಲಿನವರ ಒಪ್ಪಿಗೆ ಪಡೆದಿದ್ದೇನೆ. ದಯವಿಟ್ಟು ಯಾರೂ ರೇಡಿಯೋ ತಟ್ಟಬೇಡಿ!